ಲ್ಯಾಬಿನ ಕಂಪ್ಯೂಟರ್ ಎಷ್ಟು ತಾಸು ಸುಮ್ನೆ ಕೂತಿದೆ? ಲೆಕ್ಕ ಹಾಕೋದು ಹೀಗೆ

ಶಿರಸಿ, ಸಿದ್ದಾಪುರ ಕಡೆ ಹಳ್ಳಿ ಶಾಲೇಲಿ ಕಂಪ್ಯೂಟರ್ ಎಷ್ಟಿದೆ ಅಂದ್ರೆ ಉತ್ತರ ತಟ್ಟಂತ ಬರತ್ತೆ, ಮಕ್ಕಳ ಕೈಗೆ ಎಷ್ಟು ತಾಸು ಸಿಗತ್ತೆ ಅಂದ್ರೆ ಎಲ್ಲರೂ ಮುಖ ಮುಖ ನೋಡ್ಕೋತಾರೆ.

ಮೊದ್ಲು ಸಿಗಬಹುದಾದ ತಾಸು ಬರ್ಕೊಳ್ಳಿ. ನಾಲ್ಕೂವರೆ ಬಸ್ಸಿಗೆ ಓಡೋ ಮಕ್ಕಳಿರೋ ಊರಲ್ಲಿ ಸಂಜೆ ಆರರವರೆಗೆ ಲೆಕ್ಕ ಹಿಡಿದ್ರೆ ಅದು ಬರೀ ಕಾಗದದ ಮೇಲಿನ ಸಂಖ್ಯೆ. ಹತ್ತು ಮಷೀನಲ್ಲಿ ಒಂದು ಆಫೀಸಿನ ಎಸ್‌ಎಟಿಎಸ್ (ಮಕ್ಕಳ ವಿವರ ತುಂಬೋ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಎಂಟ್ರಿಗೆ ಹೋಗಿದ್ರೆ ಅದನ್ನ ಬಿಟ್ಬಿಡಿ, ಉಳಿದ 9ಕ್ಕೆ ದಿನಕ್ಕೆ 5 ತಾಸು, ತಿಂಗಳಿಗೆ 22 ದಿನ ಅಂದ್ರೆ 990 ತಾಸು.

ಆಮೇಲೆ ಆನ್ ಆಗಿದ್ದ ತಾಸು. ವಿಂಡೋಸ್ ಆದ್ರೆ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ, ಇಲ್ಲಾಂದ್ರೆ ಶಟ್‌ಡೌನ್ ಮಾಡಿದ್ದು ಲಾಗಲ್ಲಿ, ಅಂದ್ರೆ ಮಷೀನು ತಾನೇ ಬರೆದಿಡೋ ದಾಖಲೇಲಿ, ಸರಿಯಾಗಿ ಬರೋದಿಲ್ಲ. ತಿಂಗಳು ಬಿಟ್ಟು ಆ ಲಾಗ್ ತೋರಿಸೋ ಇವೆಂಟ್ ವ್ಯೂವರ್ ತೆಗೆದು ಸಿಸ್ಟಮ್ ಲಾಗಲ್ಲಿ 6005, 6006, 6008 ಅನ್ನೋ ಇವೆಂಟ್ ನಂಬರ್ ಮಾತ್ರ ಫಿಲ್ಟರ್ ಮಾಡಿ: 6005 ಅಂದ್ರೆ ಶುರುವಾಗಿದ್ದು, 6006 ಸರಿಯಾಗಿ ಆಫ್ ಮಾಡಿದ್ದು, 6008 ದಿಢೀರ್ ಅಂತ ಆಫ್ ಆಗಿದ್ದು. ಮಳೆಗಾಲದಲ್ಲಿ ಈ 6008 ಸಾಲುಸಾಲು ಬಂದಿದ್ರೆ ಕರೆಂಟು, ಇಲ್ಲಾ ಸತ್ತ ಯುಪಿಎಸ್ ಬ್ಯಾಟರಿ ಮೇಲೆ ಅನುಮಾನ ಪಡಿ. ಉಬುಂಟು ಇದ್ರೆ ಟರ್ಮಿನಲ್ಲಲ್ಲಿ last reboot ಕಮಾಂಡ್ ಸಾಕು. ಎಲ್ಲೋ ಹಳೇ ಇಸವಿ ತೋರಿಸ್ತಿರೋ ಮಷೀನಿದ್ರೆ ಸಿಮಾಸ್ ಸೆಲ್ (ಒಳಗಿನ ಗಡಿಯಾರ ನಡೆಸೋ ಸಣ್ಣ ಬ್ಯಾಟರಿ) ಹೋಗಿರತ್ತೆ, ಅದನ್ನ ಹಾಕಿಸದೇ ಆ ಲಾಗ್ ನಂಬಬೇಡಿ.

ಆನ್ ಇತ್ತು ಅಂದ್ರೆ ಬಳಸಿದ್ರು ಅಂತಲ್ಲ. ಅದಕ್ಕೇ ಬಾಗಿಲ ಹತ್ರ ಒಂದು ನೋಟ್‌ಬುಕ್ ಕಟ್ಟಿಡಿ, ಯಾವ ಮಷೀನು, ಎಷ್ಟರಿಂದ ಎಷ್ಟರವರೆಗೆ, ಎಷ್ಟು ಜನ. ಒಂದು ಮೌಸಿಗೆ ಮೂರು ಮಕ್ಕಳು ಕೂತ್ರೂ ಅದು ಒಂದೇ ತಾಸು, ಕಾಯ್ತಾ ಕೂತ ಇಬ್ಬರನ್ನ ಬೇರೆ ಬರೀರಿ. ಬಂದು ವಾಪಸ್ ಹೋದೋರನ್ನೂ ಬರೀಬೇಕು, ಕಾರಣ ಸಮೇತ: ಕರೆಂಟಿಲ್ಲ, ನೆಟ್ಟಿಲ್ಲ, ಕೀಲಿಕೈ ಹೆಡ್‌ಮಾಸ್ತರ ಹತ್ರ ಇದೆ, ಕಲಿಸೋರು ಡೆಪ್ಯುಟೇಶನ್ ಮೇಲೆ ಹೋಗಿದ್ದಾರೆ. ನನ್ ಕೇಳಿದ್ರೆ ಇಡೀ ಲೆಕ್ಕದಲ್ಲಿ ಬೆಲೆ ಇರೋದು ಈ ಕಾರಣದ ಕಾಲಮ್ಮಿಗೇ, ಬಾಕಿದ್ದೆಲ್ಲ ಬರೀ ಗುಣಾಕಾರ.

990ರಲ್ಲಿ ನೋಟ್‌ಬುಕ್ ಪ್ರಕಾರ 280 ಬಳಕೆ ಆಗಿದೆ ಅಂತಿಟ್ಕೊಳ್ಳಿ, ಉಳಿದ 710ನ್ನ ಕಾರಣವಾರು ಹಂಚಿ. ಯಾರೂ ಬರಲೇ ಇಲ್ಲ ಅನ್ನೋ ತಾಸನ್ನ ಬೇರೆ ಇಡಿ, ಕೀಲಿಕೈ ತಾಸಿನ ಜೊತೆ ಕಲಸಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಿಗೆ ಆ ಹಂಚಿಕೆ ಒಯ್ಯಿರಿ, ಕೀಲಿಕೈದೇ ದೊಡ್ಡದಿದ್ರೆ ಹೊಸ ಕಂಪ್ಯೂಟರಿಗೆ ಅರ್ಜಿ ಹಾಕೋ ಮೊದ್ಲು ಇನ್ನೊಂದು ಕೀಲಿ ಮಾಡಿಸಿ. ಜುಲೈ ಲೆಕ್ಕ ಒಂದನ್ನೇ ಹಿಡ್ಕೊಂಡು ಕೂರಬೇಡಿ, ಅಡಕೆ ಕೊಯ್ಲಿನ ಟೈಮಲ್ಲಿ ಇನ್ನೊಂದ್ಸಲ ಅಳೀರಿ.