ಚನ್ನಪಟ್ಟಣದ ಬೊಂಬೆಯ ಫೋಟೊಗೆ ಕಿಟಕಿ ಬೆಳಕೇ ಸಾಕು
ಮನೆಯಿಂದಲೇ ಬೊಂಬೆ ಮಾರುವವರು ದುಬಾರಿ ಲೈಟ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಟೇಬಲ್ ಹಾಕಿ. ಬಿಳಿ ಚಾರ್ಟ್ ಶೀಟಿನ ಮೇಲ್ತುದಿಯನ್ನು ಗೋಡೆಗೆ ಅಂಟಿಸಿ, ಮಡಿಕೆ ಬೀಳದಂತೆ ಬಾಗಿಸಿ ಟೇಬಲ್ ಮೇಲೆ ಹರಡಿ; ಹಿಂದೆ ಗೆರೆ ಕಾಣುವುದಿಲ್ಲ. ಕಿಟಕಿಯ ಎದುರು ಬದಿಗೆ ಥರ್ಮಾಕೋಲ್ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ.

ನಿಜವಾದ ತಲೆನೋವು ಅರಗಿನ ಹೊಳಪು. ಫ್ಲ್ಯಾಶ್ ಹಾಕಿದಿರೋ, ಬೊಂಬೆಯ ಹೊಟ್ಟೆ ಮೇಲೆ ಬಿಳಿ ಚುಕ್ಕೆ ಖಂಡಿತ. ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ. ಹೊಳಪು ಮೆತ್ತಗೆ ಹರಡಿ, ಮರದ ದುಂಡುತನ ಎಷ್ಟು ಚೆಂದ ಕಾಣುತ್ತದೆ ನೋಡಿ! ಮನೆಯ ಬಲ್ಬು, ಟ್ಯೂಬ್‌ಲೈಟ್ ಆರಿಸಲೇಬೇಕು. ಎರಡು ಬಗೆಯ ಬೆಳಕು ಬೆರೆತರೆ ಬಣ್ಣ ಕೆಡುತ್ತದೆ, ಗಿರಾಕಿ ಕೈಗೆ ಬೇರೆಯೇ ಬಣ್ಣ ಸಿಕ್ಕಂತಾಗುತ್ತದೆ.

ಮೊಬೈಲನ್ನು ಬೊಂಬೆಯ ಕಣ್ಣಿನ ಮಟ್ಟಕ್ಕೆ ಡಬ್ಬಿಗೆ ಒರಗಿಸಿ, 3 ಸೆಕೆಂಡ್ ಟೈಮರ್ ಇಡಿ.