ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಸರು

ನಾನು ದಾವಣಗೆರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆ ಕಾನೂನು ಸ್ವಯಂಸೇವಕಿ. ಜಮೀನಿನ ತಕರಾರು ಅಂತ ಯಾರೇ ಬಂದರೂ ಮೊದಲು ವಂಶವೃಕ್ಷ ಕೇಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ, ಅದು ಬೇಕೇ ಬೇಕು. ಎಷ್ಟೋ ಮನೆಗಳಲ್ಲಿ ಅದರಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇರುತ್ತದೆ. ಹೆಣ್ಣುಮಕ್ಕಳು ಆ ಮನೆಯಲ್ಲಿ ಹುಟ್ಟೇ ಇಲ್ಲ ಅನ್ನೋ ಹಾಗೆ!

ಚನ್ನಗಿರಿ ಕಡೆಯ ಅಕ್ಕ ಒಬ್ಬರು ಹಕ್ಕು ಬಿಡುಗಡೆ ಪತ್ರದ ಕರಡು ಹಿಡಿದು ಬಂದಿದ್ದರು. ಮೂರು ಎಕರೆ ಅಡಿಕೆ ತೋಟ, ಪಿತ್ರಾರ್ಜಿತ, ಪಹಣಿ ಇನ್ನೂ ಅಪ್ಪನ ಹೆಸರಲ್ಲೇ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಒಬ್ಬ ಅಣ್ಣ, ಒಬ್ಬ ತಮ್ಮ.

"ಸಹಿ ಹಾಕ್ಲಿಲ್ಲ ಅಂದ್ರೆ ಇನ್ನು ತವರಿಗೆ ಬರಬೇಡ ಅಂತಾನೆ ಅಣ್ಣ, ತಂಗೀ. ಹೆಣ್ಣಿಗೆ ಅರಿಶಿನ ಕುಂಕುಮ ಸಾಕಲ್ವಾ?"

ಮದುವೆ ಯಾವಾಗ, ಅಪ್ಪ ತೀರಿಕೊಂಡಿದ್ದು ಯಾವಾಗ ಅಂತ ಕೇಳಿದೆ. 1989, 2003. ಒಂದು ಕಾಲಕ್ಕೆ ಈ ಎರಡು ಇಸವಿಗಳೇ ಅವರಿಗೆ ಅಡ್ಡವಾಗುತ್ತಿದ್ದವು. ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಬಿಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಕೇಂದ್ರ ತಂದ ತಿದ್ದುಪಡಿ ಆ ಭೇದ ತೆಗೆಯಿತು. ಆದರೆ ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿದ್ದರೆ ಮಾತ್ರ ಪಾಲು ಅನ್ನುವ ವಾದ ಶುರುವಾಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನೂ ತಳ್ಳಿಹಾಕಿತು: ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು. 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲುಪತ್ರ ನೋಂದಣಿಯಾಗಿದ್ದರೆ ಮಾತು ಬೇರೆ. ಇಲ್ಲಿ ಪಾಲೇ ಆಗಿರಲಿಲ್ಲ.

"ಅಕ್ಕ, ಒಂದು ಎಕರೆ ನಿಮ್ಮದು" ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ ರದ್ದು ಮಾಡಿಸೋದು ತುಂಬಾ ಕಷ್ಟ. ಹಾಗಾಗಿ ಸಹಿ ತಡೆದೆ. ತಾಲ್ಲೂಕು ಕಚೇರಿಗೆ ತಕರಾರು ಅರ್ಜಿ ಬರೆದುಕೊಟ್ಟೆ. ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹೋಗಲ್ಲ, ನಿಜ. ಆದರೆ ಪಹಣಿ ತೋರಿಸಿ ಯಾರಿಗಾದರೂ ಮಾರಿಬಿಟ್ಟರೆ ಅಲೆದಾಟ ಜಾಸ್ತಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಪಾಲು ಕೇಳಿ ವಿಭಾಗದ ದಾವೆ ಹೂಡಿದೆವು.

ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ, ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಅಕ್ಕ ಒಂದು ಎಕರೆ ಕೇಳಲಿಲ್ಲ, ಮೂವತ್ತು ಗುಂಟೆಗೆ ಒಪ್ಪಿದರು. "ಬೋರ್‌ವೆಲ್ ಕೊರೆಸಿದ್ದು ಅವರೇ ಅಲ್ವಾ" ಅಂದರು. ನನಗೆ ಸಂಕಟವಾಯಿತು. ಹತ್ತು ಗುಂಟೆ ಅಡಿಕೆ ಅಂದರೆ ಸಣ್ಣ ಮಾತಲ್ಲ. ಆದರೆ ಈ ಸಲ ತಮಗೆ ಬರಬೇಕಾದ್ದು ಎಷ್ಟು ಅಂತ ಗೊತ್ತಿದ್ದೇ ಅವರು ಸಹಿ ಹಾಕಿದರು.

ಆ ವರ್ಷ ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಮರುವರ್ಷ ತಮ್ಮ ಬಂದ. ಅಣ್ಣ ಇನ್ನೂ ಮಾತು ಬಿಟ್ಟಿದ್ದಾನೆ.