ಕಂಪನಿ ಕೈಬದಲಾದಾಗ ನಮ್ಮ ಸಣ್ಣ ಒಟಿಟಿ ಉಳಿದದ್ದು ಹೀಗೆ

ನಮ್ಮ ಮಾತೃಸಂಸ್ಥೆಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡಿತೆಂಬುದು ನಮಗೂ ಎಲ್ಲರ ಹಾಗೆ ಫೋನಿನಲ್ಲಿ ಸುದ್ದಿ ಓದಿಯೇ ಗೊತ್ತಾಗಿದ್ದು. ಹಳೆಯ ಸಿನಿಮಾ, ಸಾಕ್ಷ್ಯಚಿತ್ರಗಳಿಗೆಂದೇ ಇದ್ದ ಪುಟ್ಟ ಒಟಿಟಿ ನಮ್ಮದು. ಆರು ಜನ ಇದ್ದೆವು, ಸಿನಿಮಾಗಳ ಹಕ್ಕು ತರುವ ಕೆಲಸ ನನ್ನದು. ಸಂಜೆ ಹೊತ್ತಿಗೆ 'ಏನೂ ಬದಲಾಗುವುದಿಲ್ಲ' ಅಂತ ಒಂದು ಇಮೇಲ್ ಬಂತು. ನಿಜವಾಗಿ ಹೆದರಿದ್ದು ಅದನ್ನು ಓದಿದ ಮೇಲೆ.

ಹೆದರಿಕೆಗೆ ಕಾರಣ ಫಿಲ್ಮ್‌ಸ್ಟ್ರಕ್, ನಮ್ಮ ಹಾಗೆಯೇ ಹಳೆಯ ಸಿನಿಮಾಗಳಿಗೆ ಇದ್ದ ಅಮೆರಿಕದ ಒಟಿಟಿ. ಟರ್ನರ್ ಕ್ಲಾಸಿಕ್ ಮೂವೀಸ್ ಎಂಬ ಟಿವಿ ಚಾನೆಲ್ ಮತ್ತು ಹಳೆಯ ಸಿನಿಮಾಗಳ ಡಿಸ್ಕ್ ತರುವ ಕ್ರೈಟೀರಿಯನ್ 2016ರಲ್ಲಿ ಅದನ್ನು ಶುರುಮಾಡಿದ್ದರು. 2018ರ ಜೂನ್‌ನಲ್ಲಿ ಟರ್ನರ್‌ನ ಮಾತೃಸಂಸ್ಥೆ ಟೈಮ್ ವಾರ್ನರ್ ಫೋನ್ ಕಂಪನಿ ಎಟಿ ಅಂಡ್ ಟಿ ಪಾಲಾಯಿತು, ನವೆಂಬರ್ 29ಕ್ಕೆ ಫಿಲ್ಮ್‌ಸ್ಟ್ರಕ್ ಬಾಗಿಲು ಹಾಕಿತು. ನೋಡುವವರು ಅಭಿಮಾನಿಗಳೇ ಆದರೂ ಸಂಖ್ಯೆ ಚಿಕ್ಕದು ಎಂಬುದು ಅವರು ಕೊಟ್ಟ ಕಾರಣದ ಸಾರ. ಆ ಅಕ್ಟೋಬರ್‌ನಲ್ಲಿ ಅದೇ ಮಾತೃಸಂಸ್ಥೆಯ, ಕೊರಿಯನ್ ಧಾರಾವಾಹಿಗಳ ಒಟಿಟಿ ಡ್ರಾಮಾಫೀವರ್ ಮುಚ್ಚುತ್ತೇವೆಂದು ಹೇಳಿದ ದಿನವೇ ಮುಚ್ಚಿಹೋಗಿತ್ತು.

ಆ ವಾರಾಂತ್ಯ ಕೂತು ಅಷ್ಟೂ ಕರಾರುಪತ್ರಗಳನ್ನು ಎಕ್ಸೆಲ್‌ಗೆ ಇಳಿಸಿದೆ. ಹಕ್ಕು ಯಾರ ಹೆಸರಿನಲ್ಲಿದೆ, ಯಾವತ್ತು ಮುಗಿಯುತ್ತದೆ, ಬೇರೆಯವರಿಗೆ ವರ್ಗಾಯಿಸಬಹುದೇ ಎಂದು ಮೂರು ಕಾಲಂ. ಮೊದಲ ಕಾಲಂ ತುಂಬಿದಾಗಲೇ ಹೊಟ್ಟೆ ತೊಳಸಿತು. ಮುಕ್ಕಾಲು ಪಾಲು ಮಾತೃಸಂಸ್ಥೆಯ ಹೆಸರಿನಲ್ಲಿತ್ತು. ಸಿನಿಮಾ ಹುಡುಕಿದವರು, ನಿರ್ಮಾಪಕರ ಜೊತೆ ತಿಂಗಳುಗಟ್ಟಲೆ ಮಾತಾಡಿದವರು ನಾವು. ಕಾಗದದಲ್ಲಿ ಮಾತ್ರ ನಾವೆಲ್ಲೂ ಇರಲಿಲ್ಲ.

ಮುಚ್ಚುವ ಮಾತು ಎದ್ದಾಗ ನಾವೇ ಹೋಗಿ, ಇದನ್ನು ನಮಗೆ ಕೊಡಿ ಅಂತ ಕೇಳಿದೆವು. ಹುಚ್ಚು ಧೈರ್ಯವೇನಲ್ಲ. 2020ರಲ್ಲಿ ಹಾಸ್ಯ ವಿಡಿಯೊಗಳ ಕಾಲೇಜ್‌ಹ್ಯೂಮರ್‌ನಿಂದ ಅದರ ಮಾಲೀಕ ಕಂಪನಿ ಕೈತೊಳೆದುಕೊಂಡಾಗ ಒಳಗಿದ್ದ ಸ್ಯಾಮ್ ರೈಶ್ ಕೊಂಡುಕೊಂಡಿದ್ದರು, ಅದೇ ಇವತ್ತಿನ ಡ್ರಾಪ್‌ಔಟ್ ಎಂಬ ಒಟಿಟಿ. ನಮಗೆ ಹೆಸರು, ವೆಬ್‌ಸೈಟ್ ಸುಲಭವಾಗಿಯೇ ಸಿಕ್ಕಿತು. ಗುದ್ದಾಟವೆಲ್ಲ ಸಣ್ಣಪುಟ್ಟದ್ದಕ್ಕೆ.

ಸಬ್‌ಟೈಟಲ್‌ಗಳನ್ನೇ ತೆಗೆದುಕೊಳ್ಳಿ. ಕೂತು ಬರೆಸಿದ್ದು ನಾವು, ಒಡೆತನ ಕಂಪನಿಯದು. ಖರೀದಿ ಪತ್ರದಲ್ಲಿ ಅದಕ್ಕೂ ಒಂದು ಸಾಲು ಬೇಕು ಅಂದಾಗ ಅವರ ವಕೀಲರು ನಕ್ಕರು. ನಾನು ಪಟ್ಟು ಬಿಡಲಿಲ್ಲ, ಜೊತೆಗೆ ಆಯಾ ಸಬ್‌ಟೈಟಲ್ ಕೂರಿಸಿದ ಪ್ರತಿಯೇ ಬೇಕು ಅಂತಲೂ ಬರೆಸಿದೆ. ಸೆಕೆಂಡಿಗೆ 24 ಫ್ರೇಮಿನ ಪ್ರತಿಗೆ ಬರೆದದ್ದನ್ನು 25 ಫ್ರೇಮಿನ ಪ್ರತಿಗೆ ಹಾಕಿದರೆ ಗಂಟೆ ಕಳೆಯುವಷ್ಟರಲ್ಲಿ ಎರಡು ನಿಮಿಷಕ್ಕೂ ಮೀರಿ ತಪ್ಪುತ್ತದೆ. ಪರದೆಯ ಮೇಲೆ ಹೆಂಡತಿ ಅಳುತ್ತಿದ್ದರೆ ಕೆಳಗೆ ಇನ್ಸ್‌ಪೆಕ್ಟರ್ ಮಾತು!

ಸೋತದ್ದು ಚಂದಾದಾರರ ವಿಷಯದಲ್ಲಿ. ಅರ್ಧಕ್ಕಿಂತ ಹೆಚ್ಚಿನವರು ಬೇರೊಂದು ದೊಡ್ಡ ವೇದಿಕೆಯೊಳಗಿನ 'ಚಾನೆಲ್' ಆಗಿ ನಮ್ಮನ್ನು ಕೊಂಡಿದ್ದರು. ಅವರ ಹೆಸರೂ ನಮಗೆ ಗೊತ್ತಿಲ್ಲ, ಇಮೇಲೂ ಇಲ್ಲ. ವರ್ಷಗಟ್ಟಲೆ ನಮ್ಮ ಸಿನಿಮಾ ನೋಡಿದವರಿಗೆ 'ನಾವಿನ್ನೂ ಇದ್ದೇವೆ' ಅಂತ ತಿಳಿಸಲು ದಾರಿಯೇ ಇರಲಿಲ್ಲ. ನೇರವಾಗಿ ಬಂದವರ ಕಾರ್ಡ್ ವಿವರ ಪೇಮೆಂಟ್ ಗೇಟ್‌ವೇಯಿಂದ ವರ್ಗಾಯಿಸಬಹುದಿತ್ತು, ಹಳೆಯ ಮಾಲೀಕರು ಒಪ್ಪಲಿಲ್ಲ. ಪ್ರತಿಯೊಬ್ಬರಿಗೂ ಬರೆದು ಕಾರ್ಡ್ ನಂಬರ್ ಮತ್ತೆ ಹಾಕಿ ಅಂತ ಬೇಡಿಕೊಂಡೆವು. ಹತ್ತರಲ್ಲಿ ನಾಲ್ವರು ಹಾಕಿದರು. ಆ ನಾಲ್ವರಿಂದಲೇ ಇವತ್ತು ಸಂಬಳ ಆಗುತ್ತಿದೆ.

ಈಗ ಎಲ್ಲಿ ನೋಡಿದರೂ ವಿಲೀನ, ಎರಡು ಆ್ಯಪ್ ಇದ್ದಲ್ಲಿ ಒಂದು ಸಾಕು ಎಂಬ ಲೆಕ್ಕ. ಜಪಾನಿ ಅನಿಮೇಷನ್‌ನ ಒಟಿಟಿ ಕ್ರಂಚಿರೋಲ್ ಅನ್ನು ಸೋನಿ 2021ರಲ್ಲಿ ಕೊಂಡಿತು, 2024ರ ಏಪ್ರಿಲ್‌ನಲ್ಲಿ ಅದೇ ಬಗೆಯ, ಸೋನಿಯ ಬಳಿ ಮೊದಲೇ ಇದ್ದ ಫ್ಯುನಿಮೇಷನ್ ಆ್ಯಪ್ ನಿಂತಿತು. ಡಿಸ್ಕ್ ಜೊತೆ ಜನರಿಗೆ ಸಿಕ್ಕಿದ್ದ ಡಿಜಿಟಲ್ ಪ್ರತಿಗಳೂ ಅದರ ಜೊತೆಗೇ ಹೋದವು. ಅತ್ತ ಕ್ರೈಟೀರಿಯನ್ 2019ರ ಏಪ್ರಿಲ್‌ನಲ್ಲಿ ಸ್ವಂತ ಚಾನೆಲ್ ತೆರೆದು ಇಂದಿಗೂ ನಡೆಸುತ್ತಿದೆ. ಚಿಕ್ಕದಾಗಿರುವುದು ಅಪಾಯ ಅಂತ ನನಗನ್ನಿಸುವುದಿಲ್ಲ. ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿರುವುದು ಅಪಾಯ.

ಹೋದ ವರ್ಷ ವಯಸ್ಸಾದ ನಿರ್ಮಾಪಕರೊಬ್ಬರು ಕರಾರಿನಲ್ಲಿ ಹೊಸ ಸಾಲು ಸೇರಿಸಿದರು: ನೀವು ಮಾರಾಟವಾದರೆ ನನ್ನ ಸಿನಿಮಾ ವಾಪಸ್. "ನಿಮ್ಮನ್ನು ನಂಬ್ತೀನಪ್ಪ, ನಿಮ್ಮನ್ನ ಕೊಳ್ಳೋರನ್ನ ಹೇಗೆ ನಂಬಲಿ?" ಅಂದರು. ಸಹಿ ಹಾಕಿದೆ. ಆಮೇಲೆ ಕೇಳಿದವರಿಗೆಲ್ಲ ಆ ಸಾಲು ಕೊಟ್ಟಿದ್ದೇವೆ. ಈಚೆಗೆ ನಮ್ಮನ್ನು ಕೊಳ್ಳಲು ಬಂದ ಕಂಪನಿಯ ವಕೀಲರು ಅದನ್ನು ಓದಿ ಬೆಲೆಯನ್ನು ಅರ್ಧಕ್ಕಿಳಿಸಿದರು, ಮತ್ತೆ ಫೋನ್ ಮಾಡಿಲ್ಲ.